ಪಂಚಮಿಗೆ ಫಿಜಿ ದ್ವೀಪಕ್ಕೆ

"ಯಾರ್ರೀ ಅದು? ಹೊರಗ ನಿಂದ್ರರಿ!"

ಉಚ್ಚಂಗೆಮ್ಮ ಕೂಗಿದ್ದೇ ತಡ, ಕೊಟ್ಟೂರಿನ ಆ ಟೈಪಿಂಗ್ ಶಾಲೆಯ ಹನ್ನೆರಡು ಮಷೀನುಗಳೂ ಒಮ್ಮೆಲೇ ಗಪ್ಪಾದವು.

ಅಯ್ಯೋ! ನಿಲ್ಲಬಾರದಿತ್ತು. ಸ್ಪೀಡ್ ಟೆಸ್ಟ್ ನಡೆದಿತ್ತು. ಇನ್ನು ಎರಡೇ ನಿಮಿಷ ಬಾಕಿ ಇತ್ತು. ಬರುವ ವಾರ ಸರ್ಕಾರಿ ಪರೀಕ್ಷೆ, ಈಗ ನೋಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ!

ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಎತ್ತರದ ಆಳು. ಖಾಕಿ ಅಂಗಿಗೆಲ್ಲ ಕುರಿಯ ಉಣ್ಣೆ ಅಂಟಿತ್ತು. ಕೈಯಲ್ಲಿ ಮಾತ್ರ ಯಾವುದೋ ದೂರದೇಶದ ಬಣ್ಣದ ಅಂಚೆಚೀಟಿ ಇದ್ದ ಲಕೋಟೆ.

"ಫಿಜಿಗೆ ಒಂದು ಕಾಗದ ಬರಸಬೇಕಿತ್ರೀ," ಎಂದ.

"ಟೆಸ್ಟ್ ನಡದೈತಿ, ಕಾಣಂಗಿಲ್ಲೇನು?"

"ಕಾಣತೈತ್ರಿ. ಅದಕ್ಕ ಸುಮ್ನ ಬಾಗಿಲ್ದಾಗ ನಿಂತಿದ್ದೆ. ನೀವ ಮೊದಲ ಕೂಗಿದ್ರಿ."

ಹನ್ನೆರಡು ಮಂದಿ ವಿದ್ಯಾರ್ಥಿಗಳು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದರು. ಉಚ್ಚಂಗೆಮ್ಮನ ಮುಖ ಕೆಂಪಾಯಿತು. ಅವನು ಕೀಟಲೆ ಮಾಡುತ್ತಿದ್ದಾನೇನೋ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಊಹೂಂ... ಆ ಕಣ್ಣುಗಳಲ್ಲಿ ಒಂದಿಷ್ಟೂ ತುಂಟತನವಿರಲಿಲ್ಲ. ಮುಗ್ಧ ಕಣ್ಣು! ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬೈಯಬೇಕೆಂದರೆ ಎದುರಿನವರು ಸ್ವಲ್ಪವಾದರೂ ಕೆಟ್ಟವರಾಗಿರಬೇಕಲ್ಲ?

ಅದು ೧೯೮೧ರ ಆಷಾಢ. ಮಂಗಳವಾರ. ಉಚ್ಚಂಗೆಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ಹರಪನಹಳ್ಳಿಯವಳು. ಅವಳವ್ವ ಮಾಳಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ಮಗಳನ್ನು ಇಂಗ್ಲಿಷ್ ಟೈಪಿಂಗ್ ಹೈಯರ್ ಪರೀಕ್ಷೆಯ ತನಕ ಓದಿಸಿದ್ದಳು. ಈಗ ಮಗಳು ಕೊಟ್ಟೂರಿನಲ್ಲಿ ಟೀಚರು. ಕ್ಲಾಸು ಮುಗಿದ ಮೇಲೆ ಊರವರ ಅರ್ಜಿ, ಕಾಗದಗಳನ್ನೂ ಟೈಪ್ ಮಾಡಿಕೊಡುತ್ತಿದ್ದಳು. ಅವರು ಕನ್ನಡದಲ್ಲಿ ಹೇಳಬೇಕು, ಇವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೊಡೆಯಬೇಕು.

ಆ ಮನುಷ್ಯ ಒಂದು ತಾಸು ಬೆಂಚಿನ ಮೇಲೆ ಕೂತು ಕಾದ. ಆಮೇಲೆ ಹೇಳಿದ.

"ನಾನು ಬೊಮ್ಮಯ್ಯ ಅಂತ್ರೀ. ಕೂಡ್ಲಿಗಿ ದನದ ದವಾಖಾನ್ಯಾಗ ಕಂಪೌಂಡರು. ಇಲ್ಲಿ ಕುರಿಗೆ ಸೂಜಿ ಹಾಕೋ ಡ್ಯೂಟಿ ಐತಿ. ನಮ್ಮಜ್ಜಿ ಎರ್ರೆಮ್ಮ ಅಂತ. ಆಕಿ ತವರುಮನಿ ಫಿಜಿಯಾಗ ಐತ್ರಿ."

"ಎಲ್ಲೈತಿ?"

"ಫಿಜಿ. ಪೆಸಿಫಿಕ್ ಸಮುದ್ರದಾಗ."

ಉಚ್ಚಂಗೆಮ್ಮ ಮಷೀನಿನಿಂದ ಕೈ ತೆಗೆದಳು. ಕೂಡ್ಲಿಗಿಯ ಮುದುಕಿಗೆ ಸಮುದ್ರದೊಳಗೆ ತವರುಮನೆ!

ಕಥೆ ನಿಜವೇ ಇತ್ತು. ಎರ್ರೆಮ್ಮ ಆರು ವರ್ಷದ ಕೂಸಿದ್ದಾಗ ಅವಳ ಅಣ್ಣ ಸೋಮಪ್ಪ ಮದರಾಸಿನಲ್ಲಿ ಹಡಗು ಹತ್ತಿ ಕಬ್ಬಿನ ತೋಟದ ಕೂಲಿಗೆ ಹೋಗಿದ್ದ. "ಪಂಚಮಿಗೆ ಬಂದು ಕರಕೊಂಡು ಹೋಗ್ತೀನಿ ತಂಗೀ" ಎಂದವನು ಮತ್ತೆ ಬರಲೇ ಇಲ್ಲ. ಎಪ್ಪತ್ತು ನಾಗರಪಂಚಮಿಗಳು ಹೋದವು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ, ಸೆರಗಿನಲ್ಲಿ ಅಕ್ಕಿ ಕೊಬ್ಬರಿಯ ಉಡಿ ತುಂಬಿಸಿಕೊಂಡು ಬಂದರು. ಎರ್ರೆಮ್ಮ ಮಾತ್ರ ಎಲ್ಲಿಗೂ ಹೋಗಲಿಲ್ಲ. ಈಗ ಸೋಮಪ್ಪನ ಮೊಮ್ಮಗ ಮುನಿಸಾಮಿ ಅಲ್ಲಿಂದ ಕಾಗದ ಬರೆದಿದ್ದ. ಅಜ್ಜ ಸಾಯುವಾಗ ತಂಗಿಯ ಹೆಸರು ಹಿಡಿದು ಅತ್ತನಂತೆ. ಬರುವ ವರ್ಷದ ಪಂಚಮಿಗೆ ಅಜ್ಜಿ ಬರಲೇಬೇಕು, ಜೊತೆಗೆ ಮೊಮ್ಮಗನೂ ಬರಲಿ, ಎರಡು ಟಿಕೆಟು ನಾವೇ ಕಳಿಸುತ್ತೇವೆ ಎಂದಿದ್ದ. ಅವನಿಗೆ ಕನ್ನಡ ಓದಲು ಬಾರದು, ಇಂಗ್ಲಿಷೇ ಆಗಬೇಕು.

ಲಕೋಟೆಯಲ್ಲಿ ಒಂದು ಚಿತ್ರದ ಕಾರ್ಡೂ ಇತ್ತು. ಬಿಳೀ ಮರಳು, ಬಾಗಿದ ತೆಂಗಿನ ಮರ, ಅದರಾಚೆ... ಅಬ್ಬಾ! ಎಷ್ಟೊಂದು ನೀಲಿ!

"ನೀವು ಸಮುದ್ರ ನೋಡೀರೇನ್ರೀ ಟೀಚರ್?"

"ನಾ ತುಂಗಭದ್ರಾ ಡ್ಯಾಮು ಬಿಟ್ಟರ ಏನೂ ನೋಡಿಲ್ಲ. ಕಾಗದದಾಗ ಏನ್ ಬರೀಬೇಕು, ಅದನ್ನ ಹೇಳ್ರಿ."

ಅವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಮುದ್ರದ ನೀರು ಮನಿ ಒಳಗ ಬರತೈತೇನು ಅಂತ ಕೇಳ್ರಿ."

"ಮುಂದ?"

"ಅಷ್ಟ ರೀ."

ಅಷ್ಟೇ! ಇದಕ್ಕಾಗಿ ಒಂದು ತಾಸು!

*

ಮುಂದಿನ ಮಂಗಳವಾರ ಮತ್ತೆ ಬಂದ.

"ಮರಳು ಕಾಯತೈತೇನು ಅಂತ ಕೇಳ್ರಿ. ನಮ್ಮಜ್ಜಿ ಚಪ್ಪಲಿ ಹಾಕಂಗಿಲ್ಲ."

ಅದರ ಮುಂದಿನ ಮಂಗಳವಾರ, ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ? ಇನ್ನೊಂದು ವಾರ, ವೀಳ್ಯದೆಲೆ ಸಿಗುತ್ತದೆಯೇ? ಬಿರುಗಾಳಿ ಯಾವ ತಿಂಗಳು? ಸಮುದ್ರದ ದಂಡೆಯಲ್ಲಿ ಜನ ಏನು ಉಟ್ಟುಕೊಂಡಿರುತ್ತಾರೆ, ಅಜ್ಜಿ ನೋಡಿ ಹೌಹಾರಿಬಿಟ್ಟರೆ ಏನು ಮಾಡುವುದು? ತೆಂಗಿನಕಾಯಿ ತಲೆ ಮೇಲೆ ಬೀಳುವುದಿಲ್ಲ ತಾನೆ? ಅಲ್ಲಿನ ದನಕ್ಕೆ ಕಾಲುಬಾಯಿ ರೋಗ ಬರುತ್ತದೆಯೇ?

"ಬೊಮ್ಮಯ್ಯಾರ! ದನದ ರೋಗ ಕಟಗೊಂಡು ನಿಮಗೇನಾಗಬೇಕು? ಹೊಂಟಿದ್ದು ಪಂಚಮಿಗೆ!"

"ತಿಳಕೊಂಡಿದ್ರ ಚಲೋ ಅಲ್ಲೇನ್ರೀ?"

"ಎಲ್ಲಾ ಒಂದ ಕಾಗದದಾಗ ಯಾಕ ಕೇಳಂಗಿಲ್ಲ? ವಾರಕ್ಕೊಂದು ಪ್ರಶ್ನಿ, ವಾರಕ್ಕೊಂದು ಕಾಗದ! ನನಗೇನು ಬ್ಯಾರೆ ಕೆಲಸ ಇಲ್ಲೇನು?"

"ಒಮ್ಮೆಗೇ ನೆನಪಾಗಂಗಿಲ್ರೀ ಟೀಚರ್..."

ಕೊನೆಗೆ ಮುನಿಸಾಮಿಗೂ ಸಾಕಾಗಿರಬೇಕು. 'ಪ್ರಿಯ ಸಹೋದರನೇ, ದಯವಿಟ್ಟು ಇನ್ನು ಮೇಲೆ ಪ್ರಶ್ನೆಗಳನ್ನೆಲ್ಲ ಒಟ್ಟಿಗೇ ಕಳಿಸು' ಎಂದು ಅವನೇ ಬರೆದ. ಉಚ್ಚಂಗೆಮ್ಮ ಅದನ್ನು ಓದಿ ಹೇಳಿ, "ನೋಡ್ರಿ! ಸಮುದ್ರದ ಆಚಿ ಕಡಿ ಕುಂತವಂಗೂ ತಲಿ ಕೆಟ್ಟೈತಿ!" ಎಂದು ಗೆದ್ದವಳಂತೆ ಮೇಜು ಕುಟ್ಟಿದಳು.

ಬೊಮ್ಮಯ್ಯ ನಕ್ಕ. ಮೊದಲ ಸಲ ಬಾಯಿತುಂಬ ನಕ್ಕದ್ದು. ಉಚ್ಚಂಗೆಮ್ಮನ ಬೆರಳು ತಪ್ಪು ಅಕ್ಷರದ ಮೇಲೆ ಬಿತ್ತು.

'ಛೇ! ಇವನು ನಕ್ಕರೆ ನನಗೇನು?'

ಟೈಪಿಂಗ್ ಶಾಲೆಯ ಮಗ್ಗುಲಲ್ಲೇ ಅಂಜಿನಕ್ಕನ ಮಿರ್ಚಿ ಅಂಗಡಿ. ಉಚ್ಚಂಗೆಮ್ಮ ಬಾಡಿಗೆಗಿದ್ದದ್ದೂ ಅವಳ ಮನೆಯಲ್ಲೇ. ಬಾಣಲೆಯ ಮುಂದೆ ಕೂತರೂ ಅಂಜಿನಕ್ಕನ ಕಿವಿಯೆಲ್ಲ ಈ ಕಡೆಗೇ ಇರುತ್ತಿತ್ತು.

"ಲೇ ಉಚ್ಚಂಗೀ, ಆ ಗಂಡಸಿನ ಹೆಸರು ದಿನಕ್ಕ ಎಷ್ಟು ಸಲ ತಗೊಂತೀಯೇ? ಬೊಮ್ಮಯ್ಯ ಹಂಗಂದ, ಬೊಮ್ಮಯ್ಯ ಹಿಂಗಂದ, ಬೊಮ್ಮಯ್ಯ ಇನ್ನೂ ಬರ್ಲಿಲ್ಲ! ನಾ ನಮ್ಮ ಮನಿಯಾರ ಹೆಸರು ಮೂವತ್ತು ವರ್ಷದಾಗ ಒಮ್ಮೆನೂ ಬಾಯಾಗ ತಂದಿಲ್ಲ. ಓಟಿನ ಪಟ್ಟಿ ಬರಿಯೋರು ಬಂದಾಗ ಮಗ್ಗಲ ಮನಿಯಾಕೀನ ಕರದು ಹೇಳಿಸಿದೆ!"

"ಆ ಮನುಷ್ಯ ಏನು ನನ್ನ ಗಂಡನೇನು, ಹೆಸರು ತಗೊಬಾರದು ಅನ್ನಾಕ? ತಗೊಂತೀನಿ, ಕೂಗ್ತೀನಿ, ಬೈತೀನಿ!"

"ಬೈ ಬೈ... ನಾ ಏನಂದೆ?" ಎಂದು ಅಂಜಿನಕ್ಕ ಮಿರ್ಚಿ ತಿರುವಿಹಾಕಿದಳು.

ಆದರೆ ಮಂಗಳವಾರ ಬೆಳಿಗ್ಗೆ ಉಚ್ಚಂಗೆಮ್ಮ ಎರಡು ಸಲ ಜಡೆ ಬಿಚ್ಚಿ ಹಾಕಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. ಕೂಡ್ಲಿಗಿ ಬಸ್ಸಿನ ಹಾರ್ನು ಕೇಳಿದರೆ ಕಿಟಕಿಯಾಚೆ ಇಣುಕುತ್ತಿದ್ದದ್ದೂ ಸುಳ್ಳಲ್ಲ. ಅವನು ಹಡಗಲಿ ಮಲ್ಲಿಗೆಯ ಒಂದು ಮೊಳ ತಂದು "ಬಸ್ಸಿನಾಗ ಮಾರಾಕ ಬಂದಿದ್ರು, ಉಳಿದಿತ್ತು ಅಂತ ಕೊಟ್ಟರು" ಎಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಆ ನೀಲಿ ಕಾರ್ಡನ್ನು ಅವಳು ತನ್ನ ಮಷೀನಿನ ಎದುರಿಗೇ ಗೋಡೆಗೆ ಸಿಕ್ಕಿಸಿದ್ದಳು. ಟೈಪ್ ಮಾಡುತ್ತ ಮಾಡುತ್ತ ಅವಳಿಗೆ ಆ ದಂಡೆಯ ದಾರಿಯೆಲ್ಲ ಬಾಯಿಪಾಠವಾಗಿತ್ತು. ಬಸ್ಸಿನಿಂದ ಇಳಿದರೆ ಕಬ್ಬಿನ ಹೊಲ, ಅದನ್ನು ದಾಟಿದರೆ ಮುನಿಸಾಮಿಯ ಮನೆ, ಹಿತ್ತಲ ಬಾಗಿಲು ತೆಗೆದರೆ ಸಮುದ್ರ!

ಎಲ್ಲ ತಿಳಿದಿತ್ತು... ಆದರೆ ಹೋಗುವವಳು ತಾನಲ್ಲ.

*

ಸಂಕ್ರಾಂತಿ ಕಳೆದ ಮೊದಲ ಮಂಗಳವಾರ ಬೊಮ್ಮಯ್ಯ ಬಂದಾಗ ಅವನ ಮುಖ ಬಾಡಿತ್ತು. ಗಡ್ಡ ಬಿಟ್ಟಿದ್ದ.

"ಏನಾತು ಬೊಮ್ಮಯ್ಯಾರ?"

"ಅಜ್ಜಿ ಬರಂಗಿಲ್ರೀ. ಬಳ್ಳಾರಿಗೆ ಕರಕೊಂಡು ಹೋಗಿದ್ದೆ. ದಮ್ಮು ಜಾಸ್ತಿ ಐತಿ, ವಿಮಾನ ಹತ್ತಿಸಬ್ಯಾಡ ಅಂದ್ರು ಡಾಕ್ಟರು."

"ಅಯ್ಯೋ!" ಉಚ್ಚಂಗೆಮ್ಮನ ಕಣ್ಣಲ್ಲಿ ನೀರೇ ಬಂತು. ಒಮ್ಮೆಯೂ ನೋಡಿರದ ಆ ಮುದುಕಿಯ ಊಟ, ಎಲೆ-ಅಡಿಕೆ, ಚಪ್ಪಲಿ, ಎಲ್ಲದರ ಬಗ್ಗೆ ಅವಳು ಕಾಗದ ಬರೆದಿದ್ದಳಲ್ಲ! "ಪಾಪ, ಎಪ್ಪತ್ತು ವರ್ಷ ಕಾದಾರ..."

"ಅಜ್ಜಿ ಒಂದು ಮಾತು ಹೇಳ್ಯಾಳ್ರಿ." ಅವನು ಚೀಲದ ಬಾಯಿ ಬಿಚ್ಚಿದ. "ಟಿಕೀಟು ಎರಡು ಬರ್ತಾವು. ನಾ ಹೋಗಾಕ ಆಗದಿದ್ರ ನನ್ನ ತವರಿನ ಉಡಿ ಆದ್ರೂ ಮನಿಗೆ ಬರ್ಲಿ ಅಂತಾಳ. ಗಂಡಸಿಗೆ ಉಡಿ ತುಂಬಂಗಿಲ್ಲಲ್ರೀ? ಹೆಣ್ಣುಮಗಳು ಸೆರಗು ಒಡ್ಡಬೇಕು. ಮೊಮ್ಮಗನ ಹೆಂಡ್ತಿ ಆದ್ರ ನಡೀತೈತಂತ. ಒಂದು ಸೀಟು ಖಾಲಿ ಐತಿ... ಅದಕ್ಕ... ನೀವು ನನ್ನ ಲಗ್ನ ಆಗ್ತೀರೇನು?"

ಉಚ್ಚಂಗೆಮ್ಮ ತಲೆಯೆತ್ತಿ ಅವನ ಮುಖ ನೋಡಿದಳು.

ಅವನು ಚೀಲದಿಂದ ಒಂದು ಮಡಿಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. "ಪಾಸ್‌ಪೋರ್ಟಿನ ಫಾರ್ಮು ತಂದೀನ್ರಿ. ಈಗ ಹಾಕಿದ್ರ ಪಂಚಮಿ ಅಷ್ಟೊತ್ತಿಗೆ ಬರತೈತಿ."

ಓದುಗರೇ, ನೀವೇ ಹೇಳಿ! ಒಂದು ಹೆಣ್ಣು ಆರು ತಿಂಗಳಿನಿಂದ ಒಂದು ಮಾತಿಗಾಗಿ ಒಳಗೊಳಗೇ ಕಾದಿರುತ್ತಾಳೆ. ಆ ಮಾತು ಬಂತು. ಹೇಗೆ ಬಂತು? ಖಾಲಿ ಸೀಟು, ಅಜ್ಜಿಯ ಅಕ್ಕಿ, ಸರ್ಕಾರಿ ಫಾರ್ಮು!

"ಬೊಮ್ಮಯ್ಯಾರ," ಅವಳು ಫಾರ್ಮನ್ನು ಆಚೆ ತಳ್ಳಿದಳು, "ಹೋರಿ ವ್ಯಾಪಾರಕ್ಕ ಬಂದೀರೋ, ಹೆಣ್ಣು ಕೇಳಾಕ ಬಂದೀರೋ?"

"ಹಂಗಲ್ರೀ..."

"ಹೆಂಗ ಮತ್ತ? ಖಾಲಿ ಸೀಟು ತುಂಬಾಕ ಒಬ್ಬಾಕಿ ಬೇಕು. ನಿಮ್ಮಜ್ಜಿ ಅಕ್ಕಿ ಹೊರಾಕ ಒಂದು ಸೆರಗು ಬೇಕು. ಅದು ಉಚ್ಚಂಗಿ ಆದ್ರೇನು, ಇನ್ಯಾವಾಕಿ ಆದ್ರೇನು? ಫಿಜಿ ಇರದಿದ್ರ, ಉಡಿ ಇರದಿದ್ರ, ನನ್ನ ಕೇಳ್ತಿದ್ರೇನು ನೀವು? ಹೇಳ್ರಿ!"

ತೆಂಗಿನಕಾಯಿಯ ಬಗ್ಗೆ, ಬಿರುಗಾಳಿಯ ಬಗ್ಗೆ ಸಮುದ್ರದಾಚೆಗೆ ಪ್ರಶ್ನೆ ಕಳಿಸುತ್ತಿದ್ದ ಮನುಷ್ಯನಿಗೆ ಎದುರಿಗೆ ಕೂತವಳ ಒಂದೇ ಒಂದು ಪ್ರಶ್ನೆಗೆ ಉತ್ತರ ಹೊರಡಲಿಲ್ಲ!

"ಹೋಗ್ರಿ," ಎಂದಳು. "ಇನ್ನ ಬರಬ್ಯಾಡ್ರಿ."

ಅವನು ಹೋದ. ಫಾರ್ಮು ಮೇಜಿನ ಮೇಲೇ ಉಳಿಯಿತು. ಉಚ್ಚಂಗೆಮ್ಮ ಮಷೀನಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

*

ಮುಂದಿನ ಮಂಗಳವಾರ ಬೊಮ್ಮಯ್ಯ ಬರಲಿಲ್ಲ.

'ಬರಬೇಡ ಎಂದರೆ ಬರದೇ ಇರುವುದಾ? ಎಂಥ ಮನುಷ್ಯ!'

ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಬಂದರೆ ಸಿಟ್ಟು, ಬರದಿದ್ದರೆ ಇನ್ನೂ ಸಿಟ್ಟು. ವಿದ್ಯಾರ್ಥಿಗಳಿಗೆಲ್ಲ ಬೈಗುಳ. ಅಂಜಿನಕ್ಕನ ಮಿರ್ಚಿಗೆ ಉಪ್ಪು ಹೆಚ್ಚಾಯಿತೆಂದು ಜಗಳ. ಮೂರನೆಯ ವಾರ ಅವಳು ಕಪಾಟು ತೆಗೆದು ಬೊಮ್ಮಯ್ಯನ ಫೈಲು ಹೊರಗೆಳೆದಳು. ಅವನ ಪ್ರತಿ ಕಾಗದದ ಕಾರ್ಬನ್ ಪ್ರತಿ ಅದರಲ್ಲಿತ್ತು. ಗೋಡೆಯ ಕಾರ್ಡು ಕಿತ್ತು, ಫಾರ್ಮಿನ ಜೊತೆಗೆ ಅದರೊಳಗಿಟ್ಟಳು.

"ಎಲ್ಲಿಗೆ ಹೊಂಟಿಯೇ?" ಅಂಜಿನಕ್ಕ ಕೇಳಿದಳು.

"ಕೂಡ್ಲಿಗಿಗೆ. ಇದನ್ನ ಅವರ ಮುಖದ ಮ್ಯಾಲೆ ಒಗದು ಬರ್ತೀನಿ."

"ಪೋಸ್ಟಿಗೆ ಹಾಕಿದ್ರ ಆತಿಲ್ಲ?"

"ಪೋಸ್ಟಿಗೆ ಹಾಕಿದ್ರ ಮುಖದ ಮ್ಯಾಲೆ ಬೀಳಂಗಿಲ್ಲ!"

"ಹೌದವ್ವಾ. ಒಗದು ಬರಾಕ ಹೊಸ ಸೀರಿನ ಬೇಕು," ಎಂದಳು ಅಂಜಿನಕ್ಕ, ಬಹಳ ಗಂಭೀರವಾಗಿ.

ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ದನದ ದವಾಖಾನೆ ಎಲ್ಲಿ ಎಂದು ಕೇಳುತ್ತ ಉಚ್ಚಂಗೆಮ್ಮ ಸರಸರ ನಡೆದಳು. ಬೈಯಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ತಾಲೂಕು ಕಚೇರಿಯ ಮುಂದೆ ಬರುವಷ್ಟರಲ್ಲಿ ಅವಳ ಕಾಲು ತಾನಾಗಿ ನಿಂತಿತು.

ಟಕ ಟಕ ಟಕ ಟಕ...

ಬೇವಿನ ಮರದ ನೆರಳಲ್ಲಿ ನಾಲ್ಕು ಮೇಜು, ನಾಲ್ಕು ಟೈಪ್‌ರೈಟರು. ನಾಲ್ಕು ಮಂದಿ ಅರ್ಜಿ ಹೊಡೆಯುತ್ತ ಕೂತಿದ್ದರು!

'ಕೂಡ್ಲಿಗಿಯಲ್ಲೇ ನಾಲ್ವರಿದ್ದಾರೆ... ಹಾಗಾದರೆ...'

"ಬರ್ರಿ ತಂಗೀ, ಅರ್ಜೀನೋ ಕಾಗದಾನೋ?" ಎಂದ ಮೊದಲನೆಯ ಮೇಜಿನ ಮುದುಕ. ಮೂಗಿನ ತುದಿಯಲ್ಲಿ ಕನ್ನಡಕ. ಮೇಜಿನ ಹಲಗೆಯ ಮೇಲೆ ಶಿವಯೋಗಪ್ಪ ಎಂದು ಬರೆದಿತ್ತು.

"ಇಂಗ್ಲಿಷ್ ಕಾಗದ ಹೊಡೀತೀರೇನ್ರೀ?"

"ಇಪ್ಪತ್ತು ವರ್ಷ ಆತು, ಅದ ಕೆಲಸ."

"ಇಲ್ಲಿ ಕಂಪೌಂಡರ್ ಬೊಮ್ಮಯ್ಯ ಅಂತ..."

"ನಮ್ಮ ಬೊಮ್ಮ!" ಶಿವಯೋಗಪ್ಪ ಮಷೀನು ಬಿಟ್ಟು ಕೈಯೆತ್ತಿದ. "ನಮ್ಮ ಓಣಿ ಹುಡುಗ. ಅವನ ನೌಕರಿ ಅರ್ಜಿ ಹೊಡದಾಂವ ನಾನ! ಏನ್ ಉಪಯೋಗ? ಫಿಜಿ ಕಾಗದ ಬಂದಿದ್ದ ತಡ, ಆಷಾಢದಿಂದ ಈ ಕಡಿ ತಿರುಗಿ ನೋಡ್ಲಿಲ್ಲ. ಕೊಟ್ಟೂರಿನಾಗ ಯಾರೋ ಟೀಚರು ಅದಾರಂತ, ಅವರ ಇಂಗ್ಲಿಷ್ ಬ್ಯಾರೇನ ಅಂತ! ಮಂಗಳವಾರ ಬಂತಂದ್ರ ಅರ್ಧ ದಿನ ರಜಾ ಒಗದು ಬಸ್ ಹತ್ತಿದ!"

"ರಜಾ?" ಉಚ್ಚಂಗೆಮ್ಮ ಮೇಜಿನ ಹತ್ತಿರ ಬಂದಳು. "ಕುರಿಗೆ ಸೂಜಿ ಹಾಕೋ ಡ್ಯೂಟಿ ಅಲ್ಲೇನ್ರೀ?"

"ಆಷಾಢದಾಗ ಒಂದು ದಿನ ಇತ್ತು. ಆಮ್ಯಾಲೆ ಎಲ್ಲೀ ಡ್ಯೂಟಿ? ವಾರಾ ವಾರಾ ಸೂಜಿ ಹಾಕಿದ್ರ ಕೊಟ್ಟೂರ ಕುರಿ ಉಳಿತಿದ್ವೇನು!"

ಮರದ ಬೊಡ್ಡೆಗೆ ಕೈಕೊಟ್ಟು ನಿಂತಳು ಉಚ್ಚಂಗೆಮ್ಮ. ಆಷಾಢ... ಆಗ ಅಜ್ಜಿಯೇ ಹೊರಡುವವಳಿದ್ದಳು. ಖಾಲಿ ಸೀಟಿರಲಿಲ್ಲ, ಉಡಿಯ ಮಾತಿರಲಿಲ್ಲ. ಆಗಿನಿಂದ ವಾರಕ್ಕೊಂದು ರಜೆ, ವಾರಕ್ಕೊಂದು ಬಸ್ಸು, ವಾರಕ್ಕೊಂದೇ ಪ್ರಶ್ನೆ! ಎಲ್ಲ ಒಂದೇ ಕಾಗದದಲ್ಲಿ ಕೇಳಿದ್ದರೆ ಒಂದೇ ಮಂಗಳವಾರಕ್ಕೆ ಮುಗಿದುಹೋಗುತ್ತಿತ್ತಲ್ಲ!

'ಅಯ್ಯೋ ಹುಚ್ಚು ಮನುಷ್ಯಾ... ಇದನ್ನು ಹೇಳಲಿಕ್ಕೆ ನಿನಗೆ ಬಾಯಿರಲಿಲ್ಲವೇ?'

"ತಂಗೀ, ನೀವ ಏನು ಆ ಟೀಚರು?" ಶಿವಯೋಗಪ್ಪ ಕನ್ನಡಕದ ಮೇಲಿಂದ ನೋಡಿದ. ಅವಳ ಕೈಯ ಫೈಲು ನೋಡಿದ. ಆಮೇಲೆ ಖಾನೆಯಿಂದ ಒಂದು ಲಕೋಟೆ ತೆಗೆದು ಕೊಟ್ಟ. "ನಿನ್ನೆ ಮಾತ್ರ ಬಂದು, ಎಲ್ಲಾ ಹೇಳಿ ಇದನ್ನ ಹೊಡಿಸ್ಯಾನ. ಇನ್ನ ಅಂಟಿಸಿಲ್ಲ. ನಿಮ್ಮ ಇಂಗ್ಲಿಷ್ ಬ್ಯಾರೆ ಅಂತಾರಲ್ಲ, ತಪ್ಪಿದ್ರ ತಿದ್ದಿಕೊಡ್ರಿ."

ಅವಳು ಓದಿದಳು.

'ಅಣ್ಣಾ ಮುನಿಸಾಮಿ, ಎರಡು ಟಿಕೆಟು ಬೇಡ, ಒಂದೇ ಸಾಕು. ನಾನೊಬ್ಬನೇ ಬರುತ್ತೇನೆ. ಅಜ್ಜಿಯ ಉಡಿ ನಿಮ್ಮಲ್ಲೇ ಇರಲಿ. ಅಜ್ಜಿ ಹಡಗಲಿಯಲ್ಲಿ ಬೇರೆ ಹೆಣ್ಣು ನೋಡಿದ್ದಾಳೆ, ನಾನು ಒಲ್ಲೆನೆಂದೆ. ಸೀಟಿಗಾಗಿ ನಾನು ಯಾರನ್ನೂ ಮದುವೆಯಾಗಲಾರೆ. ನಾನು ಕೇಳಬೇಕಾದವಳು ಒಬ್ಬಳೇ ಇದ್ದಳು. ಮೊದಲು ಹೇಳಬೇಕಾದದ್ದನ್ನು ಬಿಟ್ಟು, ಕೊನೆಗೆ ಹೇಳಬೇಕಾದದ್ದನ್ನು ಮೊದಲು ಹೇಳಿ ಎಲ್ಲ ಕೆಡಿಸಿಕೊಂಡೆ. ಇನ್ನು ನನಗೆ ಯಾವ ಪ್ರಶ್ನೆಯೂ ಇಲ್ಲ.'

ಮೂರು ತಪ್ಪುಗಳಿದ್ದವು. ಬೇರೆ ದಿನವಾಗಿದ್ದರೆ ಮೂರಕ್ಕೂ ಕೆಂಪು ಗೀಟು ಬೀಳುತ್ತಿತ್ತು. ಇವತ್ತು ಅವಳಿಗೆ ಅಕ್ಷರಗಳೇ ಕಾಣಿಸಲಿಲ್ಲ, ಕಣ್ಣು ಹಾಗೆ ತುಂಬಿತ್ತು.

*

ದನದ ದವಾಖಾನೆಯ ಅಂಗಳದಲ್ಲಿ ಬೊಮ್ಮಯ್ಯ ಒಂದು ಎಮ್ಮೆಗೆ ಗೊಟ್ಟದಲ್ಲಿ ಔಷಧ ಕುಡಿಸುತ್ತಿದ್ದ. ಎಡಗೈಯಲ್ಲಿ ಎಮ್ಮೆಯ ದವಡೆ, ಬಲಗೈಯಲ್ಲಿ ಬಿದಿರಿನ ಗೊಟ್ಟ. ತಲೆ ಎತ್ತಿದವನು ಅವಳನ್ನು ಕಂಡ. ಗೊಟ್ಟ ವಾಲಿತು. ಅರ್ಧ ಔಷಧ ಅವನ ಅಂಗಿಗೇ ಆಯಿತು.

"ಟೀ... ಟೀಚರ್!"

"ಕೊಟ್ಟೂರಿನಾಗ ಡ್ಯೂಟಿ ಐತಿ ಅಂದಿದ್ರಿ."

ಅವನು ಎಮ್ಮೆಯನ್ನು ಬಿಡುವಂತಿಲ್ಲ, ಓಡುವಂತಿಲ್ಲ.

"ಇತ್ತ್ರೀ. ಒಂದು ದಿನ."

"ಉಳಿದ ದಿನ?"

"ಉಳಿದ ದಿನ..." ಬೊಮ್ಮಯ್ಯ ಎಮ್ಮೆಯ ಕೊಂಬನ್ನು ನೋಡುತ್ತ ಹೇಳಿದ, "ನಿಮ್ಮ ಕಡೆ ಬೈಸಿಕೊಳ್ಳಾಕ ಬರ್ತಿದ್ದೆ."

"ಅವತ್ತ ಹೇಳಾಕ ಏನಾಗಿತ್ತು? ಕೇಳಿದ್ನಲ್ಲ ನಾನು! ಫಿಜಿ ಇರದಿದ್ರ ಕೇಳ್ತಿದ್ರೇನು ಅಂತ ಬಾಯ್ಬಿಟ್ಟು ಕೇಳಿದೆ!"

"ಫಿಜಿ ಇರದಿದ್ರ ನಿಮ್ಮ ಮುಂದ ಕುಂದ್ರಾಕ ನನಗ ಬ್ಯಾರೆ ನೆವ ಇರ್ಲಿಲ್ರೀ ಟೀಚರ್. ಫಿಜಿ ಕೈಬಿಟ್ಟರ ನೀವೂ ಹೋಗ್ತೀರಿ ಅಂತ ಅದನ್ನ ಹಿಡಕೊಂಡಿದ್ದೆ. ಅದಕ್ಕ ಅದ ಮೊದಲ ಬಾಯಿಗೆ ಬಂತು."

"ಈಗ ಹೇಳ್ರಿ ಮತ್ತ. ಫಿಜಿ ಬಿಟ್ಟು, ಉಡಿ ಬಿಟ್ಟು, ಅಜ್ಜೀನ ಬಿಟ್ಟು ಹೇಳ್ರಿ."

ಎಮ್ಮೆ ತಲೆ ಕೊಡವಿತು. ಅವನು ಬಿಗಿಯಾಗಿ ಹಿಡಿದುಕೊಂಡು, ಮೊದಲ ಸಲ ನೇರವಾಗಿ ಅವಳ ಕಣ್ಣಲ್ಲಿ ನೋಡಿದ.

"ನೀವು ಅಂದ್ರ ನನಗ ಜೀವ ರೀ. ನೀವು ಇರದಿದ್ರ ನನಗ ಸಮುದ್ರಾನೂ ಬ್ಯಾಡ, ಏನೂ ಬ್ಯಾಡ."

ಅಷ್ಟೇ. ಇಷ್ಟು ಸಣ್ಣ ಮಾತಿಗೆ ಏಳು ತಿಂಗಳು! ಉಚ್ಚಂಗೆಮ್ಮನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಮುಖದ ಮೇಲೆ ಒಗೆಯಲು ತಂದ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಆ ಎಮ್ಮಿ ಔಷಧ ಮುಗಸ್ರಿ ಮೊದಲ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಂಡು. "ಆಮ್ಯಾಲೆ ನಿಮ್ಮಜ್ಜಿ ಹಂತೇಲಿ ಕರಕೊಂಡು ನಡೀರಿ."

*

ಎರ್ರೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಕುಟ್ಟುತ್ತಿದ್ದಳು. ಕಣ್ಣು ಮಂಜಾಗಿತ್ತು, ಉಸಿರು ಸುಂಯ್‌ಗುಡುತ್ತಿತ್ತು.

"ಯಾರವ್ವಾ?"

"ಕೊಟ್ಟೂರಿಂದ ಬಂದೀನಿ ಅಜ್ಜೀ. ಕಾಗದ ಟೈಪ್ ಮಾಡಾಕಿ."

"ಹಾಂ!" ಮುದುಕಿಯ ಕೈ ನಿಂತಿತು. "ಒಬ್ಬಾಕೀನ ಬಂದಿ, ಯಾರ ಕೂಡ ಬಂದಿ?"

ಉಚ್ಚಂಗೆಮ್ಮ ಬಾಯಿ ತೆರೆದಳು. ಏಳು ತಿಂಗಳು ಕೂಗಿದ ಹೆಸರು. ಮಷೀನಿನ ಮೇಲೆ ಅದೆಷ್ಟು ಸಲ ಹೊಡೆದ ಹೆಸರು. ನಾಲಿಗೆಯ ತುದಿಯ ತನಕ ಬಂತು, ಅಲ್ಲೇ ನಿಂತಿತು.

"ಇವರ ಕೂಡ," ಎಂದಳು ಮೆಲ್ಲಗೆ.

"ಇವರು ಅಂದ್ರ ಯಾರವ್ವಾ? ನನಗ ಕಣ್ಣು ಕಾಣಂಗಿಲ್ಲ. ಹೆಸರು ಹೇಳು."

"ಹೇಳಂಗಿಲ್ಲ ಅಜ್ಜೀ."

ಎರ್ರೆಮ್ಮನ ಬೊಚ್ಚುಬಾಯಿ ಅಗಲವಾಯಿತು. ಗಂಡನ ಹೆಸರು ಬಾಯಲ್ಲಿ ತಾರದ ಹೆಣ್ಣಿನ ದನಿ ಅವಳಿಗೆ ತಿಳಿಯದೇ? ಗಂಡ ತೀರಿಕೊಂಡು ಇಪ್ಪತ್ತು ವರ್ಷವಾದರೂ ಅವಳೇ ಇನ್ನೂ ಆ ಹೆಸರು ಹೇಳಿರಲಿಲ್ಲ. ಹಿಂದೆ ನಿಂತಿದ್ದ ಬೊಮ್ಮಯ್ಯ ಮಾತ್ರ ಉಸಿರು ಬಿಡುವುದನ್ನೂ ಮರೆತಿದ್ದ.

"ಲೇ ಬೊಮ್ಮಾ! ಈ ಹುಡುಗೀನ ಏನಂತ ಕೇಳಿದ್ಯೋ? ನನ್ನ ಅಕ್ಕಿ ಹೊರಾಕ ಬಾ ಅಂದ್ಯಂತಲ್ಲೋ? ಶಿವಯೋಗಪ್ಪ ಎಲ್ಲಾ ಹೇಳ್ಯಾನ. ನಿನ್ನ ಬುದ್ಧಿಗೆ ನಿನ್ನ ಎಮ್ಮೀನ ಚಲೋ!"

"ತಪ್ಪಾತಜ್ಜೀ..."

"ಒಳಗ ಹೋಗು. ಮೊರದಾಗ ಅಕ್ಕಿ ತಾ, ಕೊಬ್ಬರಿ ಬಟ್ಟಲು ತಾ, ಟ್ರಂಕಿನಾಗ ಹಸರು ಕುಬಸದ ಖಣ ಐತಿ, ಅದನ್ನ ತಾ."

ಮುದುಕಿ ಉಚ್ಚಂಗೆಮ್ಮನ ಕೈ ಹಿಡಿದು ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡಿಸಿದಳು.

"ನನ್ನ ತವರಿನ ಉಡಿ ನೀ ತಂದ್ರ ತಾ, ಬಿಟ್ಟರ ಬಿಡು. ಎಪ್ಪತ್ತು ಪಂಚಮಿ ಕಾದಾಕಿಗೆ ಅದೇನು ದೊಡ್ಡದಲ್ಲ. ಮೊದಲ ನಿನ್ನ ಉಡಿ ತುಂಬಬೇಕು. ಇದು ಯಾರದೂ ಅಲ್ಲ ಮಗಳ, ನಿನ್ನದು. ನಾಳೆ ಹರಪನಹಳ್ಳಿಗೆ ಬಂದು ನಿಮ್ಮವ್ವನ ಕೇಳ್ತೀನಿ. ಬಸ್ ಹತ್ತಬ್ಯಾಡ ಅಂತ ಯಾವ ಡಾಕ್ಟರೂ ಹೇಳಿಲ್ಲ. ಒಡ್ಡು ಸೆರಗು."

ಉಚ್ಚಂಗೆಮ್ಮ ಸೆರಗು ಒಡ್ಡಿದಳು. ಆ ಮುದಿ ಬೊಗಸೆಯಿಂದ ಅಕ್ಕಿ ಬಿದ್ದಿತು. ಒಂದು ಬೊಗಸೆ, ಎರಡು, ಮೂರು, ಐದು. ಅವಳ ಕಣ್ಣೀರೂ ಅದೇ ಅಕ್ಕಿಯ ಮೇಲೆ ಬಿತ್ತು. ಬೊಮ್ಮಯ್ಯ ಖಾಲಿ ಮೊರ ಹಿಡಿದುಕೊಂಡು ಅಳುತ್ತ ನಿಂತಿದ್ದ. ಅವನನ್ನು ಯಾರೂ ಗಮನಿಸಲಿಲ್ಲ.

ಕೊಟ್ಟೂರಿನ ಸಂಜೆಯ ಬಸ್ಸಿಗೆ ಇಬ್ಬರೂ ನಿಂತಿದ್ದರು. ಉಡಿಯ ಭಾರ ಅವಳ ಸೊಂಟದಲ್ಲಿತ್ತು, ಫೈಲು ಅವನ ಕೈಯಲ್ಲಿ.

"ಶಿವಯೋಗಪ್ಪನ ಕಾಗದ ಹರದು ಹಾಕೀನಿ," ಎಂದಳು. "ನಾಳೆ ನಾನ ಬರೀತೀನಿ. ಇಬ್ಬರು ಬರ್ತೀವಿ ಅಂತ."

"ಟೀಚರ್... ಅದರಾಗ ಒಂದು ಪ್ರಶ್ನಿ ಕೇಳಬಹುದೇನ್ರೀ?"

"ಮತ್ತೇನು?"

"ಆ ಸಮುದ್ರದ ದಂಡ್ಯಾಗ ಇಬ್ಬರು ಕುಂತು ನೋಡಾಕ ಜಾಗ ಐತೇನು ಅಂತ."

"ಇಡೀ ಸಮುದ್ರ ಐತಿ, ಜಾಗ ಇರಂಗಿಲ್ಲೇನು? ಎಂಥಾ ಪ್ರಶ್ನಿ ಅಂತ ಕೇಳ್ತೀರೋ!"

ಅವನು ನಕ್ಕ. ಆಮೇಲೆ ಏನೋ ನೆನಪಾಗಿ ಗಾಬರಿಯಾದ.

"ಇಷ್ಟು ದಿನ ಹೆಸರು ಹಿಡದು ಬೈತಿದ್ರಿ. ಇನ್ನ ಹೆಸರು ತಗೊಳ್ಳಂಗಿಲ್ಲ ಅಂದ್ರ, ಬೈಯೋದೂ ಬಿಡ್ತೀರೇನು?"

"ಅಯ್ಯ, ಬಿಡ್ತಾರೇನು!" ಎಂದಳು ಉಚ್ಚಂಗೆಮ್ಮ, ಉಡಿಯ ಗಂಟು ಬಿಗಿ ಮಾಡಿಕೊಂಡು. "ಹೆಸರು ಬಿಟ್ಟು ಬೈತೀನಿ. ನಡೀರಿ, ಬಸ್ಸು ಬಂತು."